ಬೇಳೆ ಬೇಯದ ನೀರಿಗೆ ಯಾವ ಮೀನು? ವಿಜಯಪುರದ ಮನೆಯಲ್ಲಿ ಪುಟ್ಟ ಸಿಕ್ಲಿಡ್ ಸಾಕುವ ಸಮಗ್ರ ಮಾರ್ಗದರ್ಶಿ

ಅಂಗಡಿಯ ಗಾಜಿನೊಳಗೆ ನೀಲಿ ಮಿಂಚು ಹೊಡೆಯುವ ರಾಮ್ ಮೀನು ಕಂಡರೆ ಒಂದು ಜೋಡಿ ಕಟ್ಟಿಸಿಕೊಂಡು ಬರದವರು ಕಡಿಮೆ. ಹದಿನೈದು ದಿನಕ್ಕೆ ಅದು ಮೂಲೆ ಹಿಡಿಯುತ್ತದೆ, ಮೈ ಕಪ್ಪಿಡುತ್ತದೆ, ತಿಂಗಳು ತುಂಬುವುದರೊಳಗೆ ಹೋಗಿಬಿಡುತ್ತದೆ. ದೂರು ಅಂಗಡಿಯವರ ಮೇಲೆ, ಆಹಾರದ ಮೇಲೆ, ಕಡೆಗೆ ನೆರೆಮನೆಯವರ ದೃಷ್ಟಿಯ ಮೇಲೂ ಹೋಗುತ್ತದೆ. ಬಹಳ ಸಲ ಕಾರಣ ನೀರು. ನಮ್ಮಲ್ಲಿ ಮೊದಲು ಮೀನು ಮೆಚ್ಚುತ್ತಾರೆ, ಆಮೇಲೆ ಟ್ಯಾಂಕ್ ಕೊಳ್ಳುತ್ತಾರೆ, ನೀರಿನ ಯೋಚನೆ ಬರುವುದು ಮೀನು ಸತ್ತ ಮೇಲೆ. ಇದನ್ನು ತಿರುಗಿಸಿ: ಮೊದಲು ನೀರು ಅಳೆಯಿರಿ, ಆ ನೀರಿಗೆ ಮೀನು ಹುಡುಕಿ, ಆ ಮೀನಿಗೆ ಟ್ಯಾಂಕ್ ಕಟ್ಟಿ.

ರಾಮ್ ಸಿಕ್ಲಿಡ್ ಎಂಬ ಮೀನಿನ ಕುಟುಂಬಕ್ಕೆ ಸೇರಿದ್ದು. ಸಿಕ್ಲಿಡ್ ನಮಗೆ ತೀರ ಅಪರಿಚಿತವೇನಲ್ಲ. ಮೀನಿನ ಮಾರ್ಕೆಟ್ಟಿನಲ್ಲಿ ಸಿಗುವ ಟಿಲಾಪಿಯಾ ಇದೇ ಕುಟುಂಬದ್ದು. ಇಲ್ಲಿ ಹೇಳುತ್ತಿರುವುದು ಬೆರಳುದ್ದ ಮೀರದ ಜಾತಿಗಳನ್ನು. ಗಾತ್ರ ಚಿಕ್ಕದಾದರೂ ಗುಣ ದೊಡ್ಡವುಗಳದ್ದೇ: ಜಾಗ ಹಿಡಿಯುತ್ತವೆ, ಜೋಡಿ ಕಟ್ಟುತ್ತವೆ, ಮೊಟ್ಟೆ ಮರಿ ಕಾಯುತ್ತವೆ, ಹತ್ತಿರ ಬಂದವರನ್ನು ಅಟ್ಟುತ್ತವೆ.

ಮನೆಯ ನೀರು ಎಂಥದ್ದು?

ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ, ಗೀಸರಿನ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟುತ್ತದೆ ಎಂದರೆ ಅದು ಗಡಸು ನೀರು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚು. ಕುಡಿದರೆ ಉಪ್ಪುಪ್ಪಾಗಿದ್ದರೆ ಸವಳು, ಅಂದರೆ ಸೋಡಿಯಂ ಕೂಡ ಸೇರಿದೆ. ನಾಲಿಗೆಯ ಪರೀಕ್ಷೆ ಬೇಳೆಗೆ ಸಾಕು, ಮೀನಿಗೆ ಸಾಲದು. ಎರಡು ಸಾಮಾನು ಕೊಳ್ಳಿ: ಪೆನ್ನಿನಂಥ ಒಂದು ಟಿಡಿಎಸ್ ಮೀಟರ್, ಮತ್ತು ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್. ಕಿಟ್‌ನಲ್ಲಿ ಪಿಎಚ್, ಜಿಎಚ್, ಕೆಎಚ್, ಅಮೋನಿಯ, ನೈಟ್ರೈಟ್, ನೈಟ್ರೇಟ್ ಇರಬೇಕು. ಪಿಎಚ್ ಎಂದರೆ ನೀರು ಹುಳಿಯೋ ಕ್ಷಾರವೋ ಎನ್ನುವ ಅಳತೆ, 7 ಮಧ್ಯ. ಜಿಎಚ್ ಎಂದರೆ ಒಟ್ಟು ಗಡಸುತನ. ಕೆಎಚ್ ಎಂದರೆ ಪಿಎಚ್ ಅನ್ನು ಅಲುಗಾಡದಂತೆ ಹಿಡಿದಿಡುವ ಬೈಕಾರ್ಬೊನೇಟ್.

ಟಿಡಿಎಸ್ ಮೀಟರ್ ಗಡಸುತನ ಹೇಳುವುದಿಲ್ಲ, ಕರಗಿದ ಎಲ್ಲ ಲವಣವನ್ನೂ ಒಟ್ಟಿಗೆ, ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಎಣಿಸುತ್ತದೆ. ಲ್ಯಾಬ್ ವರದಿ ಇದ್ದರೆ ಗಡಸುತನದ ಅಂಕಿಯನ್ನು 17.8ರಿಂದ ಭಾಗಿಸಿ. ಲೀಟರಿಗೆ 450 ಮಿಲಿಗ್ರಾಂ ಎಂದಿದ್ದರೆ ಸುಮಾರು 25 ಡಿಗ್ರಿ ಜಿಎಚ್. 8ರೊಳಗಿದ್ದರೆ ಮೃದು, 18 ದಾಟಿದರೆ ಗಟ್ಟಿ ಗಡಸು.

ಮನೆಗೆ ಬರುವ ಮೂರೂ ನೀರನ್ನು ಬೇರೆ ಬೇರೆ ಅಳೆಯಿರಿ: ನಳದ್ದು, ಬೋರಿನದ್ದು, ಶುದ್ಧ ನೀರಿನ ಘಟಕದಿಂದ ತರುವ ಕ್ಯಾನಿನದ್ದು. ವಿಜಯಪುರದ ನಳಕ್ಕೆ ಬರುವುದು ಹೆಚ್ಚಾಗಿ ಕೊಲ್ಹಾರದ ಬಳಿ ಎತ್ತುವ ಕೃಷ್ಣೆಯ ನೀರು. ಅದು ಬೋರಿಗಿಂತ ಸಾಧು. ಆದರೆ ಹಲವು ಓಣಿಗಳಲ್ಲಿ ನಳ ದಿನಾ ಬರುವುದಿಲ್ಲವಾದ್ದರಿಂದ ಸಂಪಿನಲ್ಲಿ ನಳದ ನೀರಿನ ಜೊತೆ ಬೋರೂ ಬೀಳುತ್ತದೆ. ಈ ವಾರ 350 ತೋರಿಸಿದ ಮೀಟರ್ ಮುಂದಿನ ವಾರ 900 ತೋರಿಸುತ್ತದೆ. ಸ್ಥಿರವಾದ 900 ಅನ್ನು ತಾಳುವ ಮೀನು ಕೂಡ ಈ ಏರಿಳಿತವನ್ನು ತಾಳುವುದಿಲ್ಲ. ಹಾಗಾಗಿ ಟ್ಯಾಂಕಿಗೆ ಹಾಕುವ ನೀರನ್ನು ಸಂಪಿನಿಂದ ತೆಗೆಯದೆ ಒಂದೇ ಮೂಲದಿಂದ, 100 ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಬೇರೆಯೇ ಹಿಡಿದಿಡಿ.

ಬೋರ್ ನೀರಿನ ಪಿಎಚ್ ಅನ್ನು ಹಿಡಿದ ತಕ್ಷಣ ನೋಡಬೇಡಿ. ನೆಲದಡಿಯ ನೀರಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ, ಪಿಎಚ್ 7.2 ಎಂದು ಸುಳ್ಳು ಹೇಳುತ್ತದೆ. ಅಗಲ ಪಾತ್ರೆಯಲ್ಲಿ 24 ಗಂಟೆ ತೆರೆದಿಟ್ಟು ನೋಡಿದರೆ 8.2 ಬಂದರೂ ಆಶ್ಚರ್ಯವಿಲ್ಲ. ನಿಮ್ಮ ಮೀನು ಬದುಕಬೇಕಾದದ್ದು ಆ ಎರಡನೆಯ ಅಂಕಿಯಲ್ಲಿ.

ಮನೆಗೆ ಸಾಫ್ಟ್‌ನರ್ ಕೂರಿಸಿದ್ದರೆ ಅದರ ನೀರು ಮೀನಿಗೆ ಬೇಡ. ಅದು ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಕೂರಿಸುತ್ತದೆ. ಬಟ್ಟೆಗೆ ಒಳ್ಳೆಯದು, ಬಕೀಟಿನಲ್ಲಿ ಕಲೆ ಬೀಳುವುದಿಲ್ಲ, ಆದರೆ ಟಿಡಿಎಸ್ ಇದ್ದಲ್ಲೇ ಇರುತ್ತದೆ.

ನೀರೂ ಬಿಸಿಲೂ ನೋಡಿ ಮೀನು

ಇಲ್ಲಿ ಒಂದು ವಿಚಿತ್ರ ಇದೆ. ನಮ್ಮ ಬಿಸಿಲಿಗೆ ಹೊಂದುವ ಮೀನಿಗೆ ನಮ್ಮ ನೀರು ಹೊಂದುವುದಿಲ್ಲ, ನಮ್ಮ ನೀರಿಗೆ ಹೊಂದುವ ಮೀನಿಗೆ ನಮ್ಮ ಬಿಸಿಲು ಹೊಂದುವುದಿಲ್ಲ.

ನೀಲಿ ರಾಮ್, ಅಂದರೆ ಮೈಕ್ರೋಜಿಯೋಫೇಗಸ್ ರಾಮಿರೆಜಿ, ವೆನೆಜುವೆಲಾ ಮತ್ತು ಕೊಲಂಬಿಯಾದ ಒರಿನೊಕೊ ನದಿ ಬಯಲಿನದ್ದು. ಅದಕ್ಕೆ 27ರಿಂದ 30 ಡಿಗ್ರಿ ಬಿಸಿ ಬೇಕು. ವಿಜಯಪುರದ ಮಾರ್ಚ್ ತಿಂಗಳು ಅದಕ್ಕೆ ಹಬ್ಬ. ಆದರೆ ನೀರು ಮಾತ್ರ ತೀರ ಮೃದು, ಪಿಎಚ್ 5ರಿಂದ 6.5. ಸಾಕುಕೇಂದ್ರದಲ್ಲಿ ಹುಟ್ಟಿದವು 7ರವರೆಗೂ ಬಾಳುತ್ತವೆ, ಬೋರ್ ನೀರಲ್ಲಿ ಬಾಳುವುದಿಲ್ಲ. ಆಯುಷ್ಯವೂ ಎರಡು ಮೂರು ವರ್ಷ ಅಷ್ಟೇ.

ಚಿಪ್ಪುವಾಸಿ ಮಲ್ಟಿ, ಪೂರ್ತಿ ಹೆಸರು ನಿಯೋಲ್ಯಾಂಪ್ರೊಲೋಗಸ್ ಮಲ್ಟಿಫ್ಯಾಸಿಯೇಟಸ್, ಆಫ್ರಿಕಾದ ಟ್ಯಾಂಗನೀಕಾ ಸರೋವರದ್ದು. ಗಂಡು 4ರಿಂದ 5 ಸೆಂಟಿಮೀಟರ್, ಹೆಣ್ಣು 3. ಬಸವನಹುಳದ ಖಾಲಿ ಚಿಪ್ಪೇ ಅದರ ಮನೆ. ಆ ಸರೋವರದ ಪಿಎಚ್ 9ರ ಆಸುಪಾಸು, ನೀರು ಗಡಸು. ಬೇಳೆ ಬೇಯದ ನೀರು ಅದಕ್ಕೆ ತವರು. ಆದರೆ ಅದಕ್ಕೆ ಬೇಕಾದ ಬಿಸಿ 24ರಿಂದ 27 ಡಿಗ್ರಿ, 30 ದಾಟಿದರೆ ತ್ರಾಸು.

ಬೋರ್ ನೀರಿನ ಮನೆಗೆ ಮಲ್ಟಿಯೇ ನಮ್ಮ ಮೊದಲ ಶಿಫಾರಸು. ಒಂದು ಡಿಗ್ರಿ ಗಡಸುತನ ಇಳಿಸುವುದಕ್ಕಿಂತ ಮೂರು ಡಿಗ್ರಿ ಬಿಸಿ ಇಳಿಸುವುದು ಈ ಊರಲ್ಲಿ ಸುಲಭ. ಹೇಗೆಂದು ಮುಂದೆ ಬರುತ್ತದೆ. ಸ್ಥಳೀಯ ಅಂಗಡಿಯಲ್ಲಿ ಸಿಗದಿದ್ದರೆ ಪುಣೆ, ಮುಂಬಯಿ ಅಥವಾ ಬೆಂಗಳೂರಿನಿಂದ ತರಿಸಬೇಕು.

ನಳದ ನೀರಿಗೆ, ಅಂದರೆ ಜಿಎಚ್ 8ರಿಂದ 15, ಪಿಎಚ್ 7ರಿಂದ 7.8ರ ನಡುವೆ ಇದ್ದರೆ, ಕ್ರಿಬೆನ್ಸಿಸ್ ಒಳ್ಳೆಯದು. ನೈಜೀರಿಯಾ ಕಡೆಯ ಮೀನು, ಗಂಡು 10 ಸೆಂಟಿಮೀಟರ್, ಹೆಣ್ಣು 7. ಹೆಣ್ಣಿನ ಹೊಟ್ಟೆ ನೇರಳೆ ಹಣ್ಣು ಹಿಂಡಿದ ಬಣ್ಣ. ಹೊಸಬರ ತಪ್ಪುಗಳನ್ನು ಇಷ್ಟು ಕ್ಷಮಿಸುವ ಸಿಕ್ಲಿಡ್ ಇನ್ನೊಂದಿಲ್ಲ. ಬೊಲಿವಿಯನ್ ರಾಮ್ ಕೂಡ ಇದೇ ನೀರಿಗೆ ಆಗುತ್ತದೆ. ನೀಲಿ ರಾಮ್‌ನಷ್ಟು ಬಣ್ಣವಿಲ್ಲ, ಅದರ ಎರಡರಷ್ಟು ಗಟ್ಟಿತನವಿದೆ, 22ರಿಂದ 26 ಡಿಗ್ರಿ ಸಾಕು. ನೀರು ಸವಳಾಗಿದ್ದರೆ ನಮ್ಮದೇ ದಕ್ಷಿಣ ಭಾರತದ ಆರೆಂಜ್ ಕ್ರೋಮೈಡ್ ನೋಡಿ. ಕರಾವಳಿಯ ಉಪ್ಪು ಮಿಶ್ರಿತ ನೀರಿನಲ್ಲೂ ಇರುವ, 8 ಸೆಂಟಿಮೀಟರಿನ ಹಳದಿ ಕಿತ್ತಳೆ ಮೀನು.

ಬೆಳಗಾವಿಯ ಓದುಗರಿಗೆ ಲೆಕ್ಕ ಬೇರೆ. ರಕ್ಕಸಕೊಪ್ಪ ಜಲಾಶಯದ ನೀರು ಘಟ್ಟದ ಮಳೆಯದು, ಮೃದು. ಅಲ್ಲಿ ರಾಮ್‌ಗೂ, ಮೃದು ನೀರಿನ ಇನ್ನೊಂದು ಪುಟ್ಟ ಸಿಕ್ಲಿಡ್ ಅಪಿಸ್ಟೋಗ್ರಾಮಾಕ್ಕೂ ನೀರಿನ ಚಿಂತೆ ಕಡಿಮೆ, ಹೀಟರಿನ ಖರ್ಚು ಜಾಸ್ತಿ. ಹಿಡಕಲ್ ನೀರು ಬರುವ ಬಡಾವಣೆಯವರು ಅಳೆದೇ ನಿರ್ಧರಿಸಬೇಕು.

ಟ್ಯಾಂಕ್, ಉಸುಕು, ಕಲ್ಲು

ಈ ಮೀನುಗಳು ತಳದಲ್ಲಿ ಬದುಕುವಂಥವು, ಎತ್ತರ ಅವಕ್ಕೆ ದಂಡ. 24 ಇಂಚು ಉದ್ದ, 15 ಅಗಲ, 12 ಎತ್ತರ ಎಂದು ಹೇಳಿ ಮಾಡಿಸಿ, 6 ಎಂಎಂ ಗಾಜು. ಲೆಕ್ಕಕ್ಕೆ 70 ಲೀಟರ್, ಉಸುಕು ಹಾಕಿ ಮೇಲೆ ಎರಡು ಬೆರಳು ಬಿಟ್ಟರೆ ನಿಜವಾಗಿ 60 ಲೀಟರ್. ಇದರಲ್ಲಿ ರಾಮ್ ಅಥವಾ ಕ್ರಿಬೆನ್ಸಿಸ್ ಆದರೆ ಒಂದೇ ಜೋಡಿ, ಮಲ್ಟಿಯಾದರೆ ಆರರಿಂದ ಎಂಟು. ಎರಡು ಜಾತಿ ಸಿಕ್ಲಿಡ್ ಬೇಡ.

ತುಂಬಿದ ಟ್ಯಾಂಕ್ 90 ಕಿಲೋ ಸಮೀಪ ತೂಗುತ್ತದೆ. ಹಾಲ್‌ನ ಶೋಕೇಸ್ ಮೇಲೆ ಇಡುವ ಸಾಮಾನಲ್ಲ. ಇಟ್ಟಿಗೆಯ ಎರಡು ಕಟ್ಟೆ, ಮೇಲೊಂದು ಕಡಪ ಕಲ್ಲು, ಅದರ ಮೇಲೆ 10 ಎಂಎಂ ಥರ್ಮಾಕೋಲ್, ಆಮೇಲೆ ಟ್ಯಾಂಕ್. ಥರ್ಮಾಕೋಲ್ ಇಲ್ಲದಿದ್ದರೆ ಕಲ್ಲಿನ ಒಂದು ಸಣ್ಣ ಉಬ್ಬು ಸಾಕು, ಆರು ತಿಂಗಳಿಗೆ ತಳದ ಗಾಜು ಬಿರಿಯುತ್ತದೆ. ಪಶ್ಚಿಮದ ಗೋಡೆ ಬೇಡ, ಸಂಜೆಯವರೆಗೆ ಕಾದು ರಾತ್ರಿಯಿಡೀ ಬಿಸಿ ಬಿಡುತ್ತದೆ.

ಉಸುಕು ಹೊಳೆಯದ್ದೇ ಆಗಬೇಕು. ಎಂ-ಸ್ಯಾಂಡ್ ಚೂಪು. ರಾಮ್ ಬಾಯಿ ತುಂಬ ಉಸುಕು ಎತ್ತಿ, ತಿನ್ನುವುದನ್ನು ಸೋಸಿ, ಉಳಿದದ್ದನ್ನು ಕಿವಿರಿನಿಂದ ಬಿಡುತ್ತದೆ. ಹತ್ತಿರ ಕೂತು ನೋಡಿದರೆ ಕಿವಿರಿನ ಅಂಚಿನಿಂದ ಉಸುಕು ಸಣ್ಣ ಹೊಗೆಯಂತೆ ಇಳಿಯುವುದು ಕಾಣುತ್ತದೆ. ಅಲ್ಲಿ ಚೂಪು ಹರಳು ಹೋದರೆ ಗಾಯ. ಕಟ್ಟಡದವರ ಉಸುಕನ್ನು ಮೊದಲು ಹಿಟ್ಟಿನ ಸಾಣಿಗೆಯಲ್ಲಿ ಜರಡಿ ಮಾಡಿ ಧೂಳು ತೆಗೆಯಿರಿ, ಆಮೇಲೆ ರವೆಯ ಸಾಣಿಗೆಯಲ್ಲಿ ದಪ್ಪ ಹರಳು ತೆಗೆಯಿರಿ. ಉಳಿದದ್ದನ್ನು ಬಕೀಟಿನಲ್ಲಿ ಹಾಕಿ, ಕೈಯಾಡಿಸಿ, ಕೆಂಪು ನೀರು ಚೆಲ್ಲಿ. ಹತ್ತು ಹನ್ನೆರಡು ಸಲ ಬೇಕಾಗುತ್ತದೆ, ಅಲ್ಲಿಯವರೆಗೆ ಬೇಸರ ಬೇಡ. 3 ಸೆಂಟಿಮೀಟರ್ ದಪ್ಪಕ್ಕೆ 11 ಕಿಲೋ ಹಿಡಿಯುತ್ತದೆ. ಮಲ್ಟಿ ಅಗೆಯುವ ಮೀನು, ಅದಕ್ಕೆ 5 ಸೆಂಟಿಮೀಟರ್, 18 ಕಿಲೋ.

ಕಲ್ಲಿನ ವಿಷಯದಲ್ಲಿ ಎಚ್ಚರ. ನಮ್ಮ ಮನೆಗಳ ಶಹಾಬಾದ್ ಫರ್ಸಿ ಸುಣ್ಣದ ಕಲ್ಲು. ಅದರ ಚೂರು ಹಾಕಿದರೆ ನಿಧಾನವಾಗಿ ಕರಗಿ ಗಡಸುತನ ಏರಿಸುತ್ತದೆ. ಮಲ್ಟಿಗೆ ಅದು ವರ, ರಾಮ್‌ಗೆ ಶಾಪ. ಬಾಗಲಕೋಟೆ, ಲೋಕಾಪುರ ಸುತ್ತಿನ ಬೂದು ಕಲ್ಲೂ ಬಹಳ ಕಡೆ ಇದೇ ಜಾತಿ. ಯಾವ ಕಲ್ಲಾದರೂ ಒಣಗಿಸಿ, ಮೇಲೆ ನಾಲ್ಕು ಹನಿ ವಿನಿಗರ್ ಬಿಟ್ಟು ನೋಡಿ. ನೊರೆ ಎದ್ದರೆ ಸುಣ್ಣವಿದೆ. ಹೊಲದ ಕರಿಕಲ್ಲು ನಿರುಪದ್ರವಿ.

ಅಡಗುತಾಣಕ್ಕೆ ದುಡ್ಡು ಸುರಿಯಬೇಡಿ. ಕ್ರಿಬೆನ್ಸಿಸ್‌ಗೆ ಬಣ್ಣ ಬಳಿಯದ ಮಣ್ಣಿನ ಕುಡಿಕೆ, ಬಾಯಿ 4 ಸೆಂಟಿಮೀಟರ್, ಬೋರಲು ಹಾಕಿ ಪಕ್ಕದಲ್ಲಿ ಒಂದು ಕಿಂಡಿ ಒಡೆದರೆ ಮುಗಿಯಿತು. ತೆಂಗಿನ ಚಿಪ್ಪೂ ನಡೆಯುತ್ತದೆ, ನಾರು ಕೆರೆದು ಮೂರು ಸಲ ಕುದಿಸಿ ನೀರು ಚೆಲ್ಲಿ. ಮಲ್ಟಿಗೆ ಮೀನಿಗೆ ಮೂರರಂತೆ ಬಸವನಹುಳದ ಚಿಪ್ಪು, ಬಾಯಿ 2 ಸೆಂಟಿಮೀಟರ್ ಮೇಲ್ಪಟ್ಟಿರಲಿ. ಕೆರೆ ಕಾಲುವೆ ದಂಡೆಯಲ್ಲಿ ಸಿಗುವ ದೊಡ್ಡ ಬಸವನಹುಳದ ಖಾಲಿ ಚಿಪ್ಪು ಸಾಕು, ಕುದಿಸಿ ಒಳಗಿನ ಕೊಳೆ ಪೂರ್ತಿ ತೆಗೆಯಬೇಕು. ಮೂಸಿ ನೋಡಿ, ವಾಸನೆ ಇದ್ದರೆ ಇನ್ನೊಮ್ಮೆ ಕುದಿಸಿ.

ಫಿಲ್ಟರ್ ಕೂರಿಸಿ, ಖಾಲಿ ಟ್ಯಾಂಕ್ ಓಡಿಸಿ

ಎರಡು ಸ್ಪಂಜಿನ ಏರ್ ಫಿಲ್ಟರ್ ಸಾಕು. ನೋಡಲು ಚೆಂದವಿಲ್ಲ, ಮರಿಯನ್ನು ನುಂಗುವುದಿಲ್ಲ, ಕೆಡುವ ಭಾಗವೂ ಇಲ್ಲ. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ, ಇಲ್ಲವೇ ಪೈಪಿಗೆ ನಾನ್-ರಿಟರ್ನ್ ವಾಲ್ವ್ ಹಾಕಿ. ಕರೆಂಟ್ ಹೋದಾಗ ನೀರು ಪೈಪಿನಲ್ಲಿ ಹಿಂದಕ್ಕೆ ಬಂದು ಪಂಪು ಸೇರಿ ನೆಲಕ್ಕಿಳಿಯುತ್ತದೆ.

ಈಗ ನಾಲ್ಕರಿಂದ ಆರು ವಾರ ಮೀನಿಲ್ಲದೆ ಓಡಿಸಬೇಕು. ಮೀನಿನ ಕಸ ಕೊಳೆತು ಅಮೋನಿಯ ಆಗುತ್ತದೆ. ಸ್ಪಂಜಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಅಲ್ಲಿಂದ ನೈಟ್ರೇಟ್ ಮಾಡುತ್ತದೆ. ಹೊಸ ಸ್ಪಂಜಿನಲ್ಲಿ ಆ ಬ್ಯಾಕ್ಟೀರಿಯಾ ಇರುವುದಿಲ್ಲ. ನಮ್ಮ ನೀರಿನಲ್ಲಿ ಇದನ್ನು ಅವಸರಿಸಿದರೆ ಕೆಡುಕು ಹೆಚ್ಚು. 28 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯದಲ್ಲಿ ವಿಷದ ರೂಪ ಶೇ. 0.7 ಮಾತ್ರ. ಪಿಎಚ್ 8.2 ಇದ್ದರೆ ಶೇ. 10. ಕಿಟ್‌ನಲ್ಲಿ ಕಾಣುವ ಬಣ್ಣ ಒಂದೇ, ವಿಷ 14 ಪಟ್ಟು. ಬೆಂಗಳೂರಿನ ಗೆಳೆಯರು ಮೊದಲ ವಾರವೇ ಮೀನು ಬಿಟ್ಟು ಪಾರಾದರು ಎಂದು ನೀವು ಬಿಡಬೇಡಿ.

ಬ್ಯಾಕ್ಟೀರಿಯಾಕ್ಕೆ ಆಹಾರ ಬೇಕಲ್ಲ, ಅದಕ್ಕೆ ಅಮೋನಿಯಂ ಕ್ಲೋರೈಡ್, ಅಂದರೆ ನವಸಾಗರ. ಪಾತ್ರೆಗೆ ಕಲಾಯಿ ಹಾಕುವವರ ಹತ್ತಿರ ಇರುವುದೂ ಇದೇ, ಆದರೆ ಅದರಲ್ಲಿ ಲೋಹದ ಕಲ್ಮಶ ಇರಬಹುದು. ಕೆಮಿಕಲ್ ಅಂಗಡಿಯಿಂದ ಲ್ಯಾಬ್ ದರ್ಜೆಯದ್ದು ತನ್ನಿ. 60 ಲೀಟರಿಗೆ 0.4 ಗ್ರಾಂ ಹಾಕಿದರೆ ಅಮೋನಿಯ ಸುಮಾರು 2 ಪಿಪಿಎಂ, ಅಂದರೆ ಲೀಟರಿಗೆ 2 ಮಿಲಿಗ್ರಾಂ, ತೋರಿಸುತ್ತದೆ. ಅದು ಸೊನ್ನೆಗೆ ಇಳಿದಾಗ ಮತ್ತೆ ಅಷ್ಟೇ ಹಾಕಿ. ಎರಡನೆಯ ವಾರದ ಹೊತ್ತಿಗೆ ನೈಟ್ರೈಟ್ ಏರಿ, ಕಿಟ್‌ನ ಬಣ್ಣ ಕಡುಗೆಂಪಾಗಿ ಅಲ್ಲೇ ನಿಲ್ಲುತ್ತದೆ. ಬಹಳ ಜನ ಇಲ್ಲಿ ಸೋತು ಎಲ್ಲ ತೊಳೆದುಬಿಡುತ್ತಾರೆ. ತೊಳೆಯಬೇಡಿ. ಹಾಕಿದ 2 ಪಿಪಿಎಂ ಅಮೋನಿಯ 24 ಗಂಟೆಯಲ್ಲಿ ಸೊನ್ನೆ, ನೈಟ್ರೈಟ್ ಕೂಡ ಸೊನ್ನೆ ಎಂದು ಬಂದ ದಿನ ಟ್ಯಾಂಕ್ ಸಿದ್ಧ. ಅರ್ಧಕ್ಕಿಂತ ಹೆಚ್ಚು ನೀರು ಬದಲಿಸಿ ಮೀನು ತನ್ನಿ. ನಡೆಯುತ್ತಿರುವ ಟ್ಯಾಂಕಿನ ಹಳೆಯ ಸ್ಪಂಜು ಯಾರಾದರೂ ಕೊಟ್ಟರೆ ಈ ಕಾಯುವಿಕೆ ಒಂದು ವಾರಕ್ಕೆ ಇಳಿಯುತ್ತದೆ.

ನಳದ ನೀರಿನ ಕ್ಲೋರಿನ್ ಈ ಬ್ಯಾಕ್ಟೀರಿಯಾವನ್ನೂ ಮೀನಿನ ಕಿವಿರನ್ನೂ ಸುಡುತ್ತದೆ. 100 ಎಂಎಲ್ ನೀರಿಗೆ 10 ಗ್ರಾಂ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್, ಕರಗಿಸಿಡಿ. 20 ಲೀಟರಿನ ಬಕೀಟಿಗೆ ಅದರ 2 ಎಂಎಲ್ ಹಾಕಿ ಕಲಸಿದರೆ ಮಾಮೂಲು ಕ್ಲೋರಿನ್ ಹೋಗುತ್ತದೆ. ಮೂಗಿಗೆ ಬ್ಲೀಚಿಂಗ್ ಪೌಡರ್ ವಾಸನೆ ಬಡಿಯುವ ದಿನ ಟ್ಯಾಂಕಿಗೆ ನೀರನ್ನೇ ಹಿಡಿಯಬೇಡಿ. ಮಳೆಗಾಲದಲ್ಲಿ ಕೆಂಪು ನೀರು ಬಂದಾಗ ಪಟಕ ಆಡಿಸಿ ತಿಳಿ ಮಾಡಿದ ನೀರೂ ಬೇಡ, ಅದು ಕೆಎಚ್ ತಿಂದುಹಾಕುತ್ತದೆ.

ರಾಮ್ ಬೇಕೇ ಬೇಕು ಎನ್ನುವವರಿಗೆ ಬೆರಕೆಯ ಲೆಕ್ಕ

ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿದರೆ ಬೀಳುವುದು ಆರ್‌ಒ ನೀರು. ಅದರ ಟಿಡಿಎಸ್ 50, ನಿಮ್ಮ ಬೋರಿನದ್ದು 1000 ಎಂದಿಟ್ಟುಕೊಳ್ಳಿ. ಮೂರು ಕೊಡ ಆರ್‌ಒ, ಒಂದು ಕೊಡ ಬೋರ್ ಬೆರೆಸಿದರೆ 150ಕ್ಕೆ 1000 ಕೂಡಿ, ನಾಲ್ಕರಿಂದ ಭಾಗಿಸಿ, ಸುಮಾರು 288. ಆರು ಕೊಡಕ್ಕೆ ಒಂದಾದರೆ 186. ಆಮದಾದ ಅಥವಾ ಸಾಕುಕೇಂದ್ರದ ರಾಮ್‌ಗೆ 150ರಿಂದ 200 ಒಳ್ಳೆಯದು. ಬರೀ ಆರ್‌ಒ ಹಾಕಬೇಡಿ. ಕೆಎಚ್ ಸೊನ್ನೆಗೆ ಹತ್ತಿರವಾದರೆ ಮೀನಿನ ಕಸವೇ ಪಿಎಚ್ ಅನ್ನು ಒಂದು ರಾತ್ರಿಯಲ್ಲಿ ಕೆಳಗೆ ಎಳೆಯುತ್ತದೆ. ಬೆರೆಸಿದ ಮೇಲೆ ಕೆಎಚ್ 2ಕ್ಕಿಂತ ಕಡಿಮೆ ಇರಬಾರದು. ಘಟಕದ ಮೆಂಬ್ರೇನ್ ಹಳತಾದರೆ 50 ಇದ್ದದ್ದು 200 ಆಗಿರುತ್ತದೆ, ಆದ್ದರಿಂದ ಪ್ರತಿ ಕ್ಯಾನಿಗೂ ಮೀಟರ್ ಅದ್ದಿ.

ಬಾಟಲಿಯ ಪಿಎಚ್ ಡೌನ್ ದುಡ್ಡು ದಂಡ. ಕೆಎಚ್ 15 ಇರುವ ನೀರಿಗೆ ಆಸಿಡ್ ಹಾಕಿದರೆ ಸಂಜೆ 6.8 ಬರುತ್ತದೆ, ಮರುದಿನ ಮತ್ತೆ 8. ಮೀನಿಗೆ 8ಕ್ಕಿಂತ ಈ ಉಯ್ಯಾಲೆ ಹೆಚ್ಚು ಹಿಂಸೆ. ಬಾದಾಮಿ ಎಲೆಯದ್ದೂ ಅದೇ ಕಥೆ. ಶಾಲೆ, ಆಫೀಸು ಆವರಣದ ಬಾದಾಮಿ ಗಿಡದಿಂದ ತಾನೇ ಉದುರಿ ಒಣಗಿದ ಎಲೆ, 50 ಲೀಟರಿಗೆ ಒಂದು, ಮೃದು ನೀರಿನಲ್ಲಿ ಪಿಎಚ್ ಸ್ವಲ್ಪ ಇಳಿಸಿ ಚಹಾ ಬಣ್ಣ ಕೊಡುತ್ತದೆ. ಬೋರ್ ನೀರಿನಲ್ಲಿ ಬಣ್ಣ ಮಾತ್ರ ಕೊಡುತ್ತದೆ.

ಆರಿಸುವುದು, ಬಿಡುವುದು

ಅಂಗಡಿಯಲ್ಲಿ ಮೀನು ತಿನ್ನುವುದನ್ನು ನೋಡದೆ ದುಡ್ಡು ಕೊಡಬೇಡಿ. ಬೆನ್ನು ಚೂಪಾಗಿ ಹೊಟ್ಟೆ ಒಳಗೆ ಹೋಗಿರುವುದು, ಬಿಳಿ ನೂಲಿನಂಥ ಮಲ, ಒಂದೇ ಕಿವಿರಿನಿಂದ ಉಸಿರಾಟ, ಇವು ಬೇಡ. ಬೆರಳುಗುರಿನಷ್ಟು ಗಾತ್ರಕ್ಕೇ ಪೂರ್ತಿ ಬಣ್ಣ ಬಂದ ರಾಮ್ ಕಂಡರೆ ಅನುಮಾನಿಸಿ, ಹಾರ್ಮೋನ್ ತಿನ್ನಿಸಿದ್ದಿರಬಹುದು. ರಾಮ್ ಹೆಣ್ಣಿನ ಹೊಟ್ಟೆ ಗುಲಾಬಿ, ಪಕ್ಕದ ಕಪ್ಪು ಮಚ್ಚೆಯೊಳಗೂ ನೀಲಿ ಚುಕ್ಕಿ. ಗಂಡಿನ ಬೆನ್ನಿನ ರೆಕ್ಕೆಯ ಮುಂದಿನ ಕಡ್ಡಿ ಉದ್ದ. ಮಲ್ಟಿಯ ಗಂಡು ಹೆಣ್ಣು ಗುರುತಿಸುವ ಗೊಡವೆ ಬೇಡ, ಆರು ತನ್ನಿ, ಅವೇ ಸಂಸಾರ ಹೂಡುತ್ತವೆ.

ಊರಿನ ಅಂಗಡಿಯಿಂದ ತಂದ ಚೀಲವನ್ನು 20 ನಿಮಿಷ ತೇಲಿಸಿ, ಆಮೇಲೆ ಬಕೀಟಿಗೆ ಸುರುವಿ ಹತ್ತು ನಿಮಿಷಕ್ಕೊಂದು ಬಟ್ಟಲಿನಂತೆ ಟ್ಯಾಂಕಿನ ನೀರು ಬೆರೆಸುತ್ತ ಒಂದೂವರೆ ಗಂಟೆ ತೆಗೆದುಕೊಳ್ಳಿ. ಅಂಗಡಿಯ ನೀರು ಟ್ಯಾಂಕಿಗೆ ಬೀಳಬಾರದು, ಬಲೆಯಲ್ಲಿ ಹಿಡಿದು ಬಿಡಿ. ಪುಣೆಯಿಂದ ರಾತ್ರಿ ಬಸ್ಸಿನಲ್ಲಿ ಬಂದ ಚೀಲಕ್ಕೆ ಈ ನಿಯಮ ತಿರುಗುಮುರುಗು. ಹತ್ತಾರು ಗಂಟೆಯಲ್ಲಿ ಚೀಲದ ನೀರಲ್ಲಿ ಅಮೋನಿಯ ತುಂಬಿರುತ್ತದೆ. ಮುಚ್ಚಿರುವವರೆಗೆ ಇಂಗಾಲದ ಡೈಆಕ್ಸೈಡ್ ಪಿಎಚ್ ಅನ್ನು ಕೆಳಗಿಟ್ಟು ವಿಷವನ್ನು ಅಡಗಿಸಿರುತ್ತದೆ. ಚೀಲ ಬಿಚ್ಚಿದೊಡನೆ ಅದು ಹಾರಿ, ಪಿಎಚ್ ಏರಿ, ಅಮೋನಿಯ ಕಚ್ಚುತ್ತದೆ. ಹಾಗಾಗಿ ಕಳಿಸುವವರ ನೀರಿನ ಟಿಡಿಎಸ್ ಮೊದಲೇ ಕೇಳಿ, ಒಂದು ಟಬ್ಬಿನಲ್ಲಿ ಅದೇ ಟಿಡಿಎಸ್ ಬರುವಂತೆ ನೀರು ಬೆರೆಸಿಡಿ. ಚೀಲ ತೇಲಿಸಿ ಬಿಸಿ ಸಮ ಮಾಡಿ, ಬಿಚ್ಚಿದ ಐದು ನಿಮಿಷದೊಳಗೆ ಮೀನನ್ನು ಆ ಟಬ್ಬಿಗೆ ಬಿಡಿ. ಮೂರು ವಾರ ಅದು ಅಲ್ಲೇ ಇರಲಿ, ಈ ಅವಧಿಯಲ್ಲಿ ನೀರನ್ನು ನಿಮ್ಮ ಮನೆಯದಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸಿ.

ತಿನ್ನಿಸುವುದರಲ್ಲಿ ಹೇಳುವಂಥದ್ದು ಕಡಿಮೆ. ಅರ್ಧ ಎಂಎಂನಿಂದ ಒಂದು ಎಂಎಂ ಗಾತ್ರದ, ಮುಳುಗುವ ಕಾಳು, ದಿನಕ್ಕೆರಡು ಸಲ, ಎರಡು ನಿಮಿಷದಲ್ಲಿ ಖಾಲಿಯಾಗುವಷ್ಟು. ವಾರಕ್ಕೊಂದು ದಿನ ಉಪವಾಸ. ಗಟಾರದ ಕೆಂಪು ಹುಳ ಬೇಡ.

ಏಪ್ರಿಲ್, ಡಿಸೆಂಬರ್ ಮತ್ತು ಕರೆಂಟ್

ಏಪ್ರಿಲ್ ಮೇ ತಿಂಗಳಲ್ಲಿ ಹೊರಗೆ 40 ದಾಟಿದಾಗ ಕೋಣೆಯೊಳಗಿನ ಟ್ಯಾಂಕ್ 32, 33ಕ್ಕೆ ಏರುತ್ತದೆ. 25 ಡಿಗ್ರಿಯ ನೀರು ಲೀಟರಿಗೆ 8.2 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 32ರ ನೀರು 7.3 ಮಾತ್ರ ಹಿಡಿಯುತ್ತದೆ, ಮೀನಿಗೋ ಬಿಸಿಯಲ್ಲಿ ಉಸಿರು ಹೆಚ್ಚು ಬೇಕು. ಇದಕ್ಕೆ ನಮ್ಮ ಒಣ ಹವೆಯೇ ಮದ್ದು. ಮಣ್ಣಿನ ಕೊಡದಲ್ಲಿ ನೀರು ತಣ್ಣಗಾಗುವ ಅದೇ ಉಪಾಯ: ಮುಚ್ಚಳ ತೆಗೆದು ಬಲೆ ಹೊದಿಸಿ, ಕಂಪ್ಯೂಟರಿನ 12 ವೋಲ್ಟಿನ ಎರಡು ಫ್ಯಾನನ್ನು ಓರೆಯಾಗಿ ನೀರಿನ ಮೇಲೆ ಗಾಳಿ ಬೀಸುವಂತೆ ಕೂರಿಸಿ. ಎರಡರಿಂದ ನಾಲ್ಕು ಡಿಗ್ರಿ ಇಳಿಯುತ್ತದೆ. ಕಾರವಾರದಲ್ಲಿ ಈ ಉಪಾಯ ಇಷ್ಟು ನಡೆಯುವುದಿಲ್ಲ, ಅಲ್ಲಿನ ಗಾಳಿಯೇ ಒದ್ದೆ. ಐಸ್ ಬಾಟಲಿ ಇಳಿಬಿಡುವುದು ಕೊನೆಯ ದಾರಿ. ಮಧ್ಯಾಹ್ನ 27, ಸಂಜೆ 33 ಎಂದು ಆಡಿಸುವುದಕ್ಕಿಂತ ಸ್ಥಿರವಾದ 31 ಮೇಲು.

ಫ್ಯಾನಿನಿಂದ ಒಂದು ಅಪಾಯವೂ ಇದೆ. ದಿನಕ್ಕೆ ಒಂದು ಲೀಟರ್ ಆವಿಯಾಗುತ್ತದೆ, ಲವಣ ಹಿಂದೆ ಉಳಿಯುತ್ತದೆ. ಕಡಿಮೆಯಾದ ಜಾಗಕ್ಕೆ 1000 ಟಿಡಿಎಸ್ ಬೋರ್ ನೀರನ್ನೇ ತುಂಬಿದರೆ ದಿನಕ್ಕೊಂದು ಗ್ರಾಂ ಲವಣ ಸೇರುತ್ತದೆ. ತಿಂಗಳಿಗೆ 30 ಗ್ರಾಂ, 60 ಲೀಟರಿನಲ್ಲಿ ಅದು 500 ಟಿಡಿಎಸ್ ಏರಿಕೆ. ಬೇಸಿಗೆಯ ಕೊನೆಗೆ ‘ಏನೂ ಬದಲಿಸಿಲ್ಲ, ಆದರೂ ಸತ್ತವು’ ಎನ್ನುವ ಮೀನುಗಳಲ್ಲಿ ಎಷ್ಟೋ ಹೀಗೆ ಹೋದವು. ಆವಿಯಾದದ್ದಕ್ಕೆ ಯಾವ ಮೀನಾದರೂ ಆರ್‌ಒ ನೀರನ್ನೇ ತುಂಬಿ. ವಾರದ ಕಾಲು ಭಾಗ ನೀರು ಬದಲಿಸುವಾಗ ಮಾತ್ರ ನಿಮ್ಮ ಮೂಲ ನೀರು. ಬದಲಿಸುವ ನೀರನ್ನು ಹಿಂದಿನ ರಾತ್ರಿಯೇ ಟ್ಯಾಂಕಿನ ಕೋಣೆಯಲ್ಲಿ ಹಿಡಿದಿಡಿ, ಮಧ್ಯಾಹ್ನ ಸಿಂಟೆಕ್ಸಿನಿಂದ ಬರುವುದು ಸ್ನಾನದ ನೀರಿನಷ್ಟು ಬಿಸಿ.

ಡಿಸೆಂಬರಿನಲ್ಲಿ ರಾತ್ರಿ ಚಳಿಗೆ ಟ್ಯಾಂಕ್ 20, 21ಕ್ಕೆ ಇಳಿಯುತ್ತದೆ. ಲೀಟರಿಗೆ ಒಂದು ವ್ಯಾಟ್ ಲೆಕ್ಕದಲ್ಲಿ 50ರಿಂದ 75 ವ್ಯಾಟ್ ಹೀಟರ್. ಅದರ ಮೇಲಿನ ಅಂಕಿ ನಂಬದೆ ಬೇರೆ ಥರ್ಮಾಮೀಟರ್ ಇಡಿ. ನೀರು ಬದಲಿಸುವ ಮುಂಚೆ ಪ್ಲಗ್ ಕಿತ್ತು ಹತ್ತು ನಿಮಿಷ ಬಿಡಿ, ಬಿಸಿ ಗಾಜು ಗಾಳಿಗೆ ಬಂದು ಒಡೆದರೆ ನೀರಿಗೆ ಕರೆಂಟ್ ಇಳಿಯುತ್ತದೆ. ಕರೆಂಟ್ ಹೋಗುವ ಊರಿಗೆ ಪವರ್ ಬ್ಯಾಂಕಿನಿಂದ ಓಡುವ ಯುಎಸ್‌ಬಿ ಏರ್ ಪಂಪ್ ಒಂದು ಕಪಾಟಿನಲ್ಲಿರಲಿ.

ರೋಗ

ಬಿಳಿ ನೂಲಿನ ಮಲ, ತಿನ್ನದಿರುವುದು, ತಲೆಯ ಮೇಲೆ ಸಣ್ಣ ಕುಳಿ: ಕರುಳಿನ ಪರಾವಲಂಬಿ. ಟಬ್ಬಿನಲ್ಲಿ 40 ಲೀಟರಿಗೆ 250 ಮಿಲಿಗ್ರಾಂ ಮೆಟ್ರೊನಿಡಜೋಲ್, ದಿನ ಬಿಟ್ಟು ದಿನ ಮೂರು ಸಲ, ಪ್ರತಿ ಸಲದ ಮೊದಲು ಕಾಲು ಭಾಗ ನೀರು ಬದಲಿಸಿ. ಗುದದಿಂದ ಕೆಂಪು ದಾರ ಇಣುಕಿದರೆ ಕ್ಯಾಮಲಾನಸ್ ಹುಳು. ಕುರಿಗೆ ಕುಡಿಸುವ ಜಂತುನಾಶಕ ಲೆವಮಿಸೋಲ್ ಇದಕ್ಕೆ ಆಗುತ್ತದೆ, ಆದರೆ ಬೇರೆ ಔಷಧ ಬೆರೆಸಿದ ಬಾಟಲಿ ಬೇಡ, ಲೇಬಲ್ಲಿನಲ್ಲಿ ಲೆವಮಿಸೋಲ್ ಒಂದೇ ಇರಬೇಕು. ಲೀಟರಿಗೆ 2 ಮಿಲಿಗ್ರಾಂ, ಲೈಟ್ ಆರಿಸಿ 24 ಗಂಟೆ. ಆಮೇಲೆ ತಳದಲ್ಲಿ ಬಿದ್ದ ಹುಳುಗಳನ್ನು ಪೈಪಿನಿಂದ ಎಳೆದು ಹೆಚ್ಚಿನ ನೀರು ಬದಲಿಸಿ. ಮೂರು ವಾರಕ್ಕೆ ಇನ್ನೊಮ್ಮೆ. ಮೈಮೇಲೆ ರವೆ ಉದುರಿಸಿದಂಥ ಬಿಳಿ ಚುಕ್ಕಿಗೆ ಲೀಟರಿಗೆ 2 ಗ್ರಾಂ ಉಪ್ಪು, 30 ಡಿಗ್ರಿ ಬಿಸಿ, ಹತ್ತು ದಿನ.

ಮರಿಗಳಾದಾಗ

ಕ್ರಿಬೆನ್ಸಿಸ್ ಹೆಣ್ಣು ಎರಡು ದಿನ ಕುಡಿಕೆಯಿಂದ ಹೊರಬರದಿದ್ದರೆ ಹುಡುಕಬೇಡಿ, ಮೊಟ್ಟೆಯಿದೆ. ಮೂರನೆಯ ದಿನ ಒಡೆದು, ಇನ್ನೊಂದು ವಾರದೊಳಗೆ ಮರಿಗಳ ಮೋಡ ಹೊರಗೆ ಬರುತ್ತದೆ. ಹೆಣ್ಣು ಗಂಡನ್ನು ಮೂಲೆಗೆ ಒತ್ತಿ ರೆಕ್ಕೆ ಹರಿಯುತ್ತಿದ್ದರೆ ಗಂಡನ್ನು ತೆಗೆಯಿರಿ. ಆಮ್ಲೀಯ ನೀರಿನಲ್ಲಿ ಹುಟ್ಟಿದ ಕ್ರಿಬೆನ್ಸಿಸ್ ಮರಿಗಳಲ್ಲಿ ಗಂಡು ಜಾಸ್ತಿ. ರಾಮ್ ಚಪ್ಪಟೆ ಕಲ್ಲಿನ ಮೇಲೆ ಇಡುತ್ತದೆ, ಮೊದಲೆರಡು ಸಲ ತಾನೇ ತಿಂದುಹಾಕುತ್ತದೆ, ಅದಕ್ಕೆ ಗಾಬರಿ ಬೇಡ.

ಮರಿಗಳ ಊಟಕ್ಕೆ ಆರ್ಟೀಮಿಯಾ, ಅಂದರೆ ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿಯ ಮೊಟ್ಟೆ ಒಡೆಸಿ: ಒಂದು ಲೀಟರ್ ನೀರು, 25 ಗ್ರಾಂ ಹರಳುಪ್ಪು, ಅರ್ಧ ಚಮಚ ಮೊಟ್ಟೆ, 28 ಡಿಗ್ರಿ, ಜೋರು ಗಾಳಿ, 24 ಗಂಟೆ. ಬಾಟಲಿಯ ಕೆಳಗೆ ಬೆಳಕು ಹಿಡಿದರೆ ಕಿತ್ತಳೆ ಚುಕ್ಕಿಗಳು ಅಲ್ಲಿ ಸೇರುತ್ತವೆ, ಸಪೂರ ಪೈಪಿನಿಂದ ಎಳೆದು ತೆಳು ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಹಾಕಿ.

ಮಲ್ಟಿಗೆ ಇದಾವುದೂ ಬೇಕಾಗಿಲ್ಲ. ಒಂದು ಬೆಳಿಗ್ಗೆ ಚಿಪ್ಪಿನ ಬಾಯಲ್ಲಿ ಜೀರಿಗೆಯಷ್ಟು ಮರಿ ಕಾಣುತ್ತದೆ, ದೊಡ್ಡವರ ಕಾಳಿನ ಪುಡಿಯೇ ಅದರ ಊಟ. ಹಿಂದಿನ ಸೂಲಿನ ಮರಿಗಳೂ ಅದೇ ಗುಂಪಿನಲ್ಲಿರುತ್ತವೆ, ತಾಯಿ ಅವನ್ನು ಓಡಿಸುವುದಿಲ್ಲ. ವರ್ಷದಲ್ಲಿ ಆರು ಇದ್ದದ್ದು ನಲವತ್ತಾಗಿ, ಕೊಡಲು ಮನೆ ಹುಡುಕಬೇಕಾಗುತ್ತದೆ. ಬೆಳಗಾವಿಯ ಗೆಳೆಯರಿಗೆ ಕಳಿಸುವುದಾದರೆ ಹತ್ತು ದಿನ ಮೊದಲೇ ಬೇರೆ ಟಬ್ಬಿಗೆ ತೆಗೆದು, ಎರಡು ದಿನಕ್ಕೊಮ್ಮೆ ಟಿಡಿಎಸ್ 100ರಂತೆ ಇಳಿಸುತ್ತ ಬನ್ನಿ. ಅವರ ಟ್ಯಾಂಕಿನಲ್ಲಿ ಒಂದು ಹಿಡಿ ಶಹಾಬಾದ್ ಚೂರು ಹಾಕಿಡಲು ಹೇಳಿ.